ನಲವತ್ತೊಂದರ ಆಚೆ

ಸ್ನೂಕರ್ ಆಡುತ್ತೇನೆ ಎಂದು ಬೀದರಿನಲ್ಲಿ ಹೇಳಿದರೆ ಜನ ಇವತ್ತಿಗೂ ಬಹಳ ತಾಳ್ಮೆಯಿಂದ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಅದು ಸರಿ, ಕೆಲಸ ಏನು ಮಾಡುತ್ತೀರಿ? ಮೊದಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಕ್ರಿಕೆಟ್ ಆಡುವವನನ್ನು ಯಾರೂ ಹಾಗೆ ಕೇಳುವುದಿಲ್ಲ. ಈಗ ಅಷ್ಟು ಸಿಟ್ಟಿಲ್ಲ, ಏಕೆಂದರೆ ನಡುವೆ ಕೆಲವು ವರ್ಷ ನಾನೇ ಊರ ಪಕ್ಕದ ಕೊಳಾರದ ಗೋದಾಮೊಂದರಲ್ಲಿ ನಿಂತು ಲಾರಿಗೆ ಪೆಟ್ಟಿಗೆ ಹೇರಿಸಿದವನು. ಆ ವರ್ಷಗಳು ಯಾಕೆ ಬಂದವು ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಂಬುವವರು ತಾಯಿತ ಕಟ್ಟಿಸುತ್ತಿದ್ದರು, ನಂಬದವರು ತಲೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು. ಸಂಗತಿ ಇಷ್ಟೇ: ಸತ್ತುಹೋದ ನನ್ನ ಅಪ್ಪ ನನ್ನ ಆಟವನ್ನು ಎಣಿಸುತ್ತಿದ್ದರು.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜು, ಹದಿನೈದು ಕೆಂಪು ಚೆಂಡು, ಬೇರೆ ಬೇರೆ ಬಣ್ಣದ ಆರು ಚೆಂಡು. ಕ್ಯೂ ಎಂಬ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು ಉಳಿದವನ್ನು ಪಾಕೆಟ್ಟಿಗೆ ಕಳಿಸಬೇಕು. ಕೆಂಪಿಗೆ ಒಂದು ಅಂಕ. ಒಂದು ಕೆಂಪು ಹಾಕಿದ ಮೇಲೆ ಒಂದು ಬಣ್ಣ, ಮತ್ತೆ ಕೆಂಪು, ಮತ್ತೆ ಬಣ್ಣ. ಕೆಂಪು ಮುಗಿಯುವ ತನಕ ಬಿದ್ದ ಬಣ್ಣವನ್ನು ತೆಗೆದು ಮತ್ತೆ ಮೇಜಿನ ಮೇಲೆ ಇಡುತ್ತಾರೆ. ಬಣ್ಣಗಳಲ್ಲಿ ಕಪ್ಪು ಎಲ್ಲಕ್ಕಿಂತ ದೊಡ್ಡದು, ಏಳು ಅಂಕ. ತಪ್ಪುವ ತನಕ ಕೂಡಿಸಿಕೊಂಡು ಹೋಗುವುದಕ್ಕೆ ಬ್ರೇಕ್ ಎನ್ನುತ್ತಾರೆ. ಹಾಗಾಗಿ ಲೆಕ್ಕ ಒಂದು, ಎಂಟು, ಒಂಬತ್ತು, ಹದಿನಾರು ಎಂದು ಕುಪ್ಪಳಿಸುತ್ತ ಹೋಗುತ್ತದೆ. ಇದರಲ್ಲಿ ಹೊಟ್ಟೆ ಹೊರೆಯಬೇಕಾದವನು ಒಂದೇ ಸರದಿಯಲ್ಲಿ ನೂರು ದಾಟುವುದನ್ನು ಕಲಿತಿರಬೇಕು.

ನಾನು ಕಲಿತದ್ದು ಬೀದರಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ, ಬ್ಯಾಟರಿ ಅಂಗಡಿಯ ಮೇಲಿನ ಪಾರ್ಲರಿನಲ್ಲಿ. ಎರಡೇ ಮೇಜು, ಅದರಲ್ಲಿ ಒಂದರ ಬಟ್ಟೆಗೆ ತೇಪೆ. ಕಾಲೇಜಿಗೆ ಹೋಗುತ್ತೇನೆಂದು ಹೇಳಿ ಅಲ್ಲಿಗೆ ಹೋಗುತ್ತಿದ್ದೆ. ಅಪ್ಪನಿಗೆ ಯಾರೋ ಚಾಡಿ ಹೇಳಿದರು. ಅವರು ಸರ್ಕಾರಿ ಕಚೇರಿಯ ನೌಕರ, ಬಿಳಿ ಅಂಗಿಯ ಮನುಷ್ಯ, ಸಿಟ್ಟು ಬಂದರೆ ಮೊದಲು ಚಪ್ಪಲಿ ಕೈಗೆ ಬರುತ್ತಿತ್ತು. ತಗಡಿನ ಮೆಟ್ಟಿಲು ಹತ್ತಿ ಚಪ್ಪಲಿ ಹಿಡಿದೇ ಒಳಗೆ ಬಂದರಂತೆ. ನಾನು ಮೇಜಿನ ಮೇಲೆ ಬಾಗಿದ್ದೆ, ನೋಡಲಿಲ್ಲ. ಒಂದಾದ ಮೇಲೊಂದು ಚೆಂಡು ಬೀಳುತ್ತಿತ್ತು. ಆಟ ಕೆಡಿಸುವುದು ಬೇಡ, ಮುಗಿಯಲಿ, ಆಮೇಲೆ ಬಡಿಯುತ್ತೇನೆ ಎಂದು ಮಾಲೀಕನಿಗೆ ಹೇಳಿ ಕಬ್ಬಿಣದ ಕುರ್ಚಿಯಲ್ಲಿ ಕುಳಿತರು. ಬಡಿಯಲು ಬಂದವರು ಕುಳಿತೇಬಿಟ್ಟರು. ಮರುದಿನ ಕಚೇರಿ ಬಿಟ್ಟ ಮೇಲೆ ಮತ್ತೆ ಬಂದರು.

ಅಪ್ಪ ಒಮ್ಮೆಯೂ ಕ್ಯೂ ಮುಟ್ಟಲಿಲ್ಲ. ಹುಟ್ಟಿದ್ದು ಔರಾದ ತಾಲ್ಲೂಕಿನ ಸಂತಪುರದಲ್ಲಿ, ಕುರಿ ಮತ್ತು ಒಣ ಬೇಸಾಯದ ಮನೆಯಲ್ಲಿ. ಕೈಯಲ್ಲಿ ಕೋಲು ಹಿಡಿದು ಚೆಂಡು ಉರುಳಿಸುವುದು ತಮ್ಮ ವಯಸ್ಸಿಗೆ ಶೋಭಿಸುವುದಿಲ್ಲ ಎನ್ನುತ್ತಿದ್ದರು. ಎಣಿಸುವುದು ಮಾತ್ರ ಶೋಭಿಸುತ್ತಿತ್ತು. ಟಿವಿಯಲ್ಲಿ ದೊಡ್ಡ ಪಂದ್ಯಗಳ ರೆಫ್ರಿಗಳನ್ನು ನೋಡಿ ಇಂಗ್ಲಿಷಿನಲ್ಲೇ ಎಣಿಸಲು ಕಲಿತರು. ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಆಮೇಲೆ ವನ್, ಏಟ್, ನೈನ್, ಸಿಕ್ಸಟೀನ್. ನನ್ನ ಎಡಗಡೆ, ತುಸು ಹಿಂದೆ, ಅದೇ ಕುರ್ಚಿ. ಓಣಿಯ ಹುಡುಗರು ನಗುತ್ತಿದ್ದರು. ನಾನೂ ನಾಚುತ್ತಿದ್ದೆ. ಆದರೆ ಆ ದನಿ ಇಲ್ಲದ ದಿನ ನನ್ನ ಕೈ ಸರಿಯಾಗಿ ಓಡುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ತಾಯಿ ಇರಲಿಲ್ಲ. ನಾನು ಚಿಕ್ಕವನಿರುವಾಗಲೇ ತೀರಿಕೊಂಡಿದ್ದಳು. ಅಕ್ಕ ನನ್ನನ್ನು ಬೆಳೆಸಿದಳು, ಆಮೇಲೆ ಅವಳನ್ನು ಭಾಲ್ಕಿಗೆ ಕೊಟ್ಟೆವು. ಹಾಗಾಗಿ ಬೀದರಿನ ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ನಮ್ಮಿಬ್ಬರಿಗೆ ಮಾತನಾಡಲು ಸ್ನೂಕರ್ ಬಿಟ್ಟರೆ ಬೇರೆ ವಿಷಯ ಇರಲಿಲ್ಲ. ಜಿಲ್ಲೆ ಗೆದ್ದೆ, ರಾಜ್ಯಕ್ಕೆ ಆಡಿದೆ, ಹೈದರಾಬಾದಿನ ಕ್ಲಬ್ಬೊಂದರಲ್ಲಿ ಬೆಳಿಗ್ಗೆ ಕಲಿಸುವ ಕೆಲಸ ಹಿಡಿದೆ, ಊರೂರಿಗೆ ಪಂದ್ಯಕ್ಕೆ ಹೋಗತೊಡಗಿದೆ. ಎಲ್ಲಿ ಆಡಿದರೂ ಮುಗಿದ ಮೇಲೆ ಫೋನು ಮಾಡಿ ಯಾವ ಚೆಂಡಾದ ಮೇಲೆ ಯಾವ ಚೆಂಡು ಹಾಕಿದೆ ಎಂದು ಹೇಳುತ್ತಿದ್ದೆ. ಅಪ್ಪ ಆ ಕಡೆಯಿಂದ ಎಣಿಸುತ್ತಿದ್ದರು. ಪಕ್ಕದಲ್ಲಿ ಯಾರಾದರೂ ಕೇಳಿಸಿಕೊಂಡಿದ್ದರೆ ಇಬ್ಬರಿಗೂ ಹುಚ್ಚು ಎನ್ನುತ್ತಿದ್ದರು.

ಅಪ್ಪನಿಗೆ ಲಕ್ವ ಹೊಡೆದಾಗ ನಾನು ಪುಣೆಯಲ್ಲಿದ್ದೆ. ಸುದ್ದಿ ಬಂದ ಕೂಡಲೇ ರೈಲು ಹತ್ತಿದೆ. ಉದಗೀರ ದಾಟಿದಾಗ ಭಾವನ ಫೋನು ಬಂತು. ಬಾ, ಅವಸರವಿಲ್ಲ, ಎಂದರು. ಅವಸರವಿಲ್ಲ ಎಂಬ ಮಾತಿನಲ್ಲೇ ಎಲ್ಲ ತಿಳಿಯಿತು. ರೈಲು ಭಾಲ್ಕಿಯಲ್ಲಿ ನಿಂತಾಗ ಅಕ್ಕನ ಊರಿನ ಜನ ಇಳಿದರು, ಹತ್ತಿದರು, ಶೇಂಗಾ ಸುಲಿದರು.

ಆಸ್ಪತ್ರೆಯಲ್ಲಿ ಕೊನೆಗೆ ಇದ್ದವರು ಅಕ್ಕ ಮತ್ತು ಅಪ್ಪನ ಅಕ್ಕ, ಎಂದರೆ ಎಕಂಬಾದ ನಮ್ಮ ಅತ್ತೆ. ಕ್ರಿಯೆ ಎಲ್ಲ ಮುಗಿದು ಬಂಧುಗಳು ಹೊರಟ ಮೇಲೆ ಅಕ್ಕ ನನ್ನನ್ನು ಹಿಂದಿನ ಅಂಗಳಕ್ಕೆ ಕರೆದಳು.

"ತಮ್ಮಾ, ಅಪ್ಪ ನಿನ್ನ ಆಟ ಎಣಿಸಕೋತ ಹೋದ್ರು. ಕಡಿಗಿ ನಲವತ್ತೊಂದು ಅಂದ್ರು. ನಲವತ್ತೊಂದು, ನಲವತ್ತೊಂದು ಅಂತ ಅದನ್ನೇ ಅನಕೋತ ಇದ್ರು. ಅಷ್ಟಕ್ಕ ನಿಂತ್ರು."

ಅಲ್ಲಿಯ ತನಕ ನನಗೆ ಅಳು ಬಂದಿರಲಿಲ್ಲ. ಆಗಲೂ ಬರಲಿಲ್ಲ, ಒಂದು ಬಗೆಯ ಜಂಬ ಬಂತು. ಸಾಯುವಾಗಲೂ ನನ್ನದೇ ಧ್ಯಾನ. ನನ್ನ ತಲೆ ಸುಮ್ಮನಿರುವುದಿಲ್ಲ, ಲೆಕ್ಕ ಬಿಡಿಸಿತು. ಐದು ಕೆಂಪು, ಐದು ಕಪ್ಪು, ಮತ್ತೊಂದು ಕೆಂಪು, ಅಲ್ಲಿಗೆ ನಲವತ್ತೊಂದು. ಮುಂದೆ ಕಪ್ಪು ಹಾಕಬೇಕು. ಅಪ್ಪ ಆ ಕಪ್ಪಿಗಾಗಿ ಕಾಯುತ್ತ ಹೋದರು ಎಂದುಕೊಂಡೆ.

ಆಮೇಲಿನ ಮೊದಲ ಪಂದ್ಯದಲ್ಲೇ ಅದು ಶುರುವಾಯಿತು. ಆಟ ಚೆನ್ನಾಗಿಯೇ ಹೊರಟಿತ್ತು. ಆರನೇ ಕೆಂಪು ಬಿತ್ತು, ರೆಫ್ರಿ ಫಾರ್ಟಿವನ್ ಎಂದರು. ಕಪ್ಪಿಗೆ ಬಾಗಿದೆ. ನನ್ನ ಎಡಗಡೆ, ತುಸು ಹಿಂದೆ, ಯಾರೋ ಗಂಟಲು ಸರಿಮಾಡಿಕೊಂಡರು. ಫಾರ್ಟಿವನ್. ತಡೆದು, ಮತ್ತೆ ಫಾರ್ಟಿವನ್. ತಿರುಗಿ ನೋಡಿದೆ. ಆ ಕಡೆ ಗೋಡೆ ಇತ್ತು, ನೀರಿನ ಜಗ್ಗು ಇತ್ತು. ಮತ್ತೆ ಬಾಗಿದೆ, ಮತ್ತೆ ಅದೇ ದನಿ, ಕಾಯುವ ದನಿ. ಕಾಯುವವರನ್ನು ಬಹಳ ಹೊತ್ತು ನಿಲ್ಲಿಸಬಾರದೆಂದು ಅವಸರದಲ್ಲಿ ಹೊಡೆದೆ. ಚೆಂಡು ಪಾಕೆಟ್ಟಿನ ದವಡೆಗೆ, ಎಂದರೆ ಅದರ ಬಾಯಿಯ ಅಂಚಿಗೆ, ಬಡಿದು ವಾಪಸ್ಸು ಬಂತು.

ಒಮ್ಮೆ ಆದರೆ ದುಃಖ ಎನ್ನಬಹುದು. ಅದು ಪ್ರತಿ ಪಂದ್ಯದಲ್ಲೂ ಆಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಮೇಜು ಡೊಂಕು ಎಂದೆ, ಬಟ್ಟೆ ಹಳತು ಎಂದೆ, ಕ್ಯೂವಿನ ತುದಿ ಬದಲಿಸಿದೆ. ಕೊನೆಗೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಉಪಾಯ ಹೂಡಿದೆ. ಕಪ್ಪನ್ನು ಬಿಟ್ಟು ಐದು ಅಂಕದ ನೀಲಿಯನ್ನೇ ಹಾಕುತ್ತ ಹೋದರೆ ಲೆಕ್ಕ ಮೂವತ್ತಾರು, ಮೂವತ್ತೇಳು, ಅಲ್ಲಿಂದ ನೇರ ನಲವತ್ತೆರಡು. ನಲವತ್ತೊಂದು ದಾರಿಯಲ್ಲಿ ಬರುವುದೇ ಇಲ್ಲ. ಬಹಳ ಜಾಣ ಎಂದುಕೊಂಡು ಆಡಿದೆ. ಮೂವತ್ತೇಳಾಯಿತು. ನೀಲಿಗೆ ಬಾಗಿದೆ. ಹಿಂದಿನಿಂದ ಅಪ್ಪ ಸಾವಕಾಶವಾಗಿ ಫಾರ್ಟಿವನ್ ಎಂದರು. ಬದುಕಿದ್ದಾಗ ಅವರು ಒಮ್ಮೆಯೂ ಲೆಕ್ಕ ತಪ್ಪಿದವರಲ್ಲ. ತಪ್ಪು ಲೆಕ್ಕ ಹೇಳಿದ್ದಕ್ಕೇ ನನಗೆ ಅವತ್ತು ಹೆಚ್ಚು ಹೆದರಿಕೆಯಾಯಿತು. ನೀಲಿಯೂ ತಪ್ಪಿತು.

ಬೀದರಿನ ಪಾರ್ಲರಿನ ಹುಡುಗರು ನನಗೆ ಇಕ್ತಾಲೀಸ್, ಎಂದರೆ ಉರ್ದುವಿನ ನಲವತ್ತೊಂದು, ಎಂದು ಹೆಸರಿಟ್ಟರು. ಚೇಷ್ಟೆಗೆ ಇಟ್ಟದ್ದು, ಅವರಿಗೆ ಒಳಗಿನದು ಗೊತ್ತಿರಲಿಲ್ಲ. ಇಕ್ತಾಲೀಸ್ ಭಾಯ್ ಚಾ ಕುಡೀತೀರೇನು ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಸಣ್ಣ ಸಣ್ಣ ಬ್ರೇಕುಗಳಿಂದ ಎಷ್ಟು ದಿನ ಗೆಲ್ಲಲು ಸಾಧ್ಯ? ಸೋಲುತ್ತ ಬಂದೆ. ಪಂದ್ಯಕ್ಕೆ ಕರೆಯುವವರು ಕಡಿಮೆಯಾದರು. ಸೋಲುವವನಿಂದ ಕಲಿಯಲು ಯಾರು ಬರುತ್ತಾರೆ, ಕ್ಲಬ್ಬಿನ ಕೆಲಸವೂ ಹೋಯಿತು. ಬೀದರಿಗೆ ಬಂದು ಕೊಳಾರದ ಗೋದಾಮು ಸೇರಿದೆ. ಅಲ್ಲಿ ದಿನವಿಡೀ ಪೆಟ್ಟಿಗೆಗಳನ್ನು ಎಣಿಸುವುದೇ ಕೆಲಸ. ನಲವತ್ತು, ನಲವತ್ತೊಂದು, ನಲವತ್ತೆರಡು. ಅಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅಪ್ಪನಿಗೆ ಪೆಟ್ಟಿಗೆಗಳಲ್ಲಿ ಆಸಕ್ತಿ ಇರಲಿಲ್ಲ.

ಆಗ ಅನಿರೀಕ್ಷಿತವಾಗಿ ಒಂದು ಬಾಗಿಲು ತೆರೆಯಿತು. ವೃತ್ತಿಪರ ಸರಣಿಗೆ ಅರ್ಹತಾ ಪಂದ್ಯಗಳಿದ್ದವು, ಯಾರೋ ಹಿಂದೆ ಸರಿದಿದ್ದರು, ಅವರ ಜಾಗಕ್ಕೆ ನನ್ನನ್ನು ಕರೆದರು. ಗೆದ್ದರೆ ಮತ್ತೆ ಆಟಗಾರ. ಸೋತರೆ ಗೋದಾಮೇ ಗತಿ, ನನ್ನ ವಯಸ್ಸಿನವನನ್ನು ಇನ್ನೊಮ್ಮೆ ಯಾರೂ ಕರೆಯುವುದಿಲ್ಲ. ಖುಷಿಗಿಂತ ಭಯವೇ ಹೆಚ್ಚಾಯಿತು. ಸುಮ್ಮನೆ ಕೂರಲಾಗದೆ ಒಂದು ಭಾನುವಾರ ಎಕಂಬಾಕ್ಕೆ ಅತ್ತೆಯ ಮನೆಗೆ ಹೋದೆ.

ಹಿಂಗಾರಿ ಜೋಳದ ರಾಶಿ ಆಗಷ್ಟೇ ಮನೆಗೆ ಬಂದಿತ್ತು. ಬೀದರಿಗೆ ಒಯ್ಯಲು ನನಗೊಂದಿಷ್ಟು ಕೊಡುತ್ತೇನೆಂದು ಅತ್ತೆ ಪಡಸಾಲೆಯಲ್ಲಿ ಚೀಲದ ಮುಂದೆ ಕುಳಿತಳು. ತೂಕದ ಯಂತ್ರ ಮೂಲೆಯಲ್ಲಿ ಬಿದ್ದಿತ್ತು. ಅವಳಿಗೆ ಸೇರೇ ಬೇಕು. ಮೊದಲ ಸೇರು ತುಂಬಿ ಚೀಲಕ್ಕೆ ಸುರಿದಳು. "ಲಾಭ" ಎಂದಳು.

ನಮ್ಮ ಕಡೆ ಕಾಳು ಅಳೆಯುವಾಗ ಒಂದು ಎನ್ನುವುದಿಲ್ಲ. ಒಂದು ಎಂದರೆ ಅಲ್ಲಿಗೇ ನಿಂತುಹೋದೀತು ಎಂಬ ಅಂಜಿಕೆ, ಅದಕ್ಕೆ ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಮುಂದಿನ ಸೇರು ತುಂಬುವ ತನಕ ಹಿಂದಿನ ಸಂಖ್ಯೆಯನ್ನು ಬಾಯಲ್ಲೇ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಮರೆತುಹೋಗುತ್ತದೆ. ಅತ್ತೆ ಲಾಭ, ಲಾಭ, ಲಾಭ ಎನ್ನುತ್ತಲೇ ಎರಡನೆಯದನ್ನು ತುಂಬಿದಳು. ಎರಡು, ಎರಡು, ಎರಡು. ನಾನು ಏನೋ ಕೇಳಿದೆ. ಅವಳು ತಲೆ ಎತ್ತಲಿಲ್ಲ. ಚೀಲ ತುಂಬಿ ಬಾಯಿ ಕಟ್ಟಿದ ಮೇಲೆಯೇ ನನ್ನ ಕಡೆ ನೋಡಿದಳು.

"ಕಾಳು ಅಳತಿ ಮಾಡೋ ಹೊತ್ತಿನ್ಯಾಗ ಮಾತಾಡಸಬಾರದಪ್ಪಾ. ನಿಮ್ಮಪ್ಪನೂ ಹಿಂಗೇ ಮಾಡ್ದ. ದವಾಖಾನ್ಯಾಗ ನಾ ಎಷ್ಟು ಕರದ್ರೂ ಓ ಅನಲಿಲ್ಲ. ಲಾಭ ಅಂತ ಸುರು ಮಾಡಿದಂವ ಎರಡು, ಮೂರು, ನಾಕು ಅಂತ ಜ್ವಾಳ ಅಳತಿ ಮಾಡಕೋತ ಹೋದ."

ಜೋಳ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಒಂದು ಕೈ ಬಿದ್ದುಹೋಗಿತ್ತಂತೆ. ಇನ್ನೊಂದು ಕೈ ಹಾಸಿಗೆಯಿಂದ ಏನನ್ನೋ ತುಂಬಿ ತುಂಬಿ ಪಕ್ಕಕ್ಕೆ ಸುರಿಯುತ್ತಿತ್ತಂತೆ. ಸಂತಪುರದ ಕಣದಲ್ಲಿ ಅತ್ತೆಯ ಮದುವೆಗೆ ಮುಂಚೆ ಅವಳೂ ಅಪ್ಪನೂ ಎದುರುಬದುರು ಕುಳಿತು ಅಳೆಯುತ್ತಿದ್ದರಂತೆ, ಅದೇ ಕೈ, ಅದೇ ತಿರುವು. ಅತ್ತೆ ಇದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಸುಖವಿತ್ತು. ತಮ್ಮ ಕೊನೆಗೆ ತನ್ನ ಜೊತೆ ಕುಳಿತಿದ್ದ ಎಂಬ ಸುಖ.

ವಾಪಸ್ಸು ಬರುವ ಬಸ್ಸಿನಲ್ಲಿ ಕಾಲಡಿ ಆ ಚೀಲ ಇಟ್ಟುಕೊಂಡು ಲೆಕ್ಕ ಹಾಕಿದೆ. ಕೆಂಪಿಗೆ ಒಂದು. ಬಣ್ಣಗಳಲ್ಲಿ ಎಲ್ಲಕ್ಕಿಂತ ಬಡಪಾಯಿ ಹಳದಿಗೂ ಎರಡು ಅಂಕವಿದೆ. ಒಂದರ ಮುಂದೆ ಮೂರು ಬರಬಹುದು, ಎಂಟು ಬರಬಹುದು, ಎರಡು ಬರುವುದು ಸಾಧ್ಯವೇ ಇಲ್ಲ. ಲಾಭ, ಎರಡು, ಮೂರು ಎಂದು ಹೋಗುವ ಬ್ರೇಕು ಈ ಭೂಮಿಯ ಮೇಲೆ ಯಾರೂ ಆಡಿಲ್ಲ. ಮೇಲಾಗಿ ಅಪ್ಪ ನನ್ನ ಆಟವನ್ನು ಎಣಿಸುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅಕ್ಕ ನಲವತ್ತೊಂದು ಎಂದಾಗಲೇ ನನಗೆ ಹೊಳೆಯಬೇಕಿತ್ತು. ಅವರು ಕಪ್ಪು ಚೆಂಡಿಗಾಗಿ ಕಾಯುತ್ತಿರಲಿಲ್ಲ. ಇನ್ನೊಂದು ಸೇರು ತುಂಬುವುದಕ್ಕಾಗಿ ಕಾಯುತ್ತಿದ್ದರು.

ಹಗುರಾಗಬೇಕಿತ್ತು. ಆಗಲಿಲ್ಲ. ನನಗೆ ಜೋಳದ ಮೇಲೆ ಹೊಟ್ಟೆಕಿಚ್ಚಾಯಿತು. ಅಷ್ಟು ವರ್ಷ ಆ ಕಬ್ಬಿಣದ ಕುರ್ಚಿಯಲ್ಲಿ ಕುಳಿತವರು, ಹೋಗುವಾಗ ನಾನು ಹುಟ್ಟುವುದಕ್ಕೂ ಮುಂಚಿನ ಕಣಕ್ಕೆ ಹೋದರು. ಅಲ್ಲಿ ನಾನಿಲ್ಲ, ನನ್ನ ಆಟವಿಲ್ಲ. ಸಂತಪುರದ ಸ್ಟಾಪಿನಲ್ಲಿ ಬಸ್ಸು ನಿಂತಿತು. ಹೊರಗೆ ನೋಡಬಾರದೆಂದು ಮುಖ ಈ ಕಡೆ ತಿರುಗಿಸಿಕೊಂಡೆ.

ಅರ್ಹತಾ ಪಂದ್ಯದ ಕೊನೆಯ ದಿನ, ಎಲ್ಲ ತೀರ್ಮಾನವಾಗಬೇಕಿದ್ದ ಆಟದಲ್ಲಿ, ಕೆಂಪು ಕಪ್ಪು ಕೆಂಪು ಕಪ್ಪು ಎಂದು ನಡೆದು ರೆಫ್ರಿ ಫಾರ್ಟಿವನ್ ಎಂದರು. ನಾನು ಬಾಗಿದೆ. ಕಾದೆ. ಎಡಗಡೆಗೆ ಕಿವಿ ಕೊಟ್ಟೆ. ಎಷ್ಟು ಹೊತ್ತು ಹಾಗೆ ಬಾಗಿಯೇ ಇದ್ದೆನೋ, ಎದುರಾಳಿ ನೀರು ಕುಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದನಂತೆ. ಯಾರೂ ಗಂಟಲು ಸರಿಮಾಡಿಕೊಳ್ಳಲಿಲ್ಲ. ಎಸಿಯ ಸದ್ದು ಮಾತ್ರ ಇತ್ತು. ಬನ್ನಿ ಎಂದು ಮನಸ್ಸಿನಲ್ಲೇ ಕರೆದೆ. ಇಷ್ಟು ವರ್ಷ ಹೋಗಿ ಎಂದು ಬೇಡಿಕೊಂಡವನು ಅವತ್ತು ಬನ್ನಿ ಎಂದು ಕರೆದೆ, ಬರಲಿಲ್ಲ. ಹೊಡೆದೆ. ಕಪ್ಪು ಬಿತ್ತು. ಆಮೇಲೆ ಎಲ್ಲವೂ ಬಿದ್ದವು, ನೂರೂ ದಾಟಿತು, ನನಗೆ ಜಾಗ ಸಿಕ್ಕಿತು. ಜನ ಕೈ ಕುಲುಕಿದರು. ನಾನು ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತುಬಿಟ್ಟೆ. ಅಪ್ಪ ಸತ್ತ ಅಳು ಅವತ್ತು ಬಂತು.

ಸುದ್ದಿ ಹೇಳಲು ಭಾಲ್ಕಿಗೆ ಹೋದೆ. ಅಕ್ಕ ಹೋಳಿಗೆ ಮಾಡಿದ್ದಳು. ಭಾವ ಹೊಲಕ್ಕೆ ಹೋಗಿದ್ದರು, ಅಡುಗೆಮನೆಯಲ್ಲಿ ನಾವಿಬ್ಬರೇ. ಅವಳಿಗೆ ಮೆಲ್ಲಗೆ ತಿಳಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳಿಗೆ ಆಟ ಗೊತ್ತಿಲ್ಲ, ಎಣಿಸುವುದನ್ನು ಕೇಳಿ ತಪ್ಪು ತಿಳಿದಿದ್ದಾಳೆ, ಮನಸ್ಸಿಗೆ ನೋವಾಗಬಾರದು. ಅತ್ತೆಯ ಮನೆಗೆ ಹೋಗಿದ್ದೆ, ಅಪ್ಪ ಕೊನೆಗೆ ಜೋಳ ಅಳೆಯುತ್ತಿದ್ದರಂತೆ ಎಂದು ಶುರುಮಾಡಿದೆ. ಅಕ್ಕನ ಕೈ ನಿಲ್ಲಲಿಲ್ಲ. ಕಾವಲಿಯ ಮೇಲಿನ ಹೋಳಿಗೆ ತಿರುವಿ ಹಾಕಿದಳು.

"ನನಗ ಗೊತ್ತದ. ಲಾಭ ಅಂದ್ರ ಏನಂತ ನನಗ ತಿಳಿಯಂಗಿಲ್ಲೇನು? ಅಪ್ಪ ನನ್ನ ಹೆಸರು ತಗೊಂಡ್ರು, ಅತ್ತಿ ಹೆಸರು ತಗೊಂಡ್ರು. ನಿನ್ನ ಹೆಸರು ಒಮ್ಮಿನೂ ತಗೀಲಿಲ್ಲ. ನೀ ರೈಲಿನ್ಯಾಗಿದ್ದಿ. ಬಂದ ಮ್ಯಾಲ ನಿನ್ನ ಕೈಯಾಗ ಏನು ಇಡಬೇಕಿತ್ತು ನಾ?"

ಅಕ್ಕ ಒಲೆ ಸಣ್ಣ ಮಾಡಿ ಬಂದು ನನ್ನ ಎದುರು ಕುಳಿತಳು. ಆ ಮಾತು ಹೇಳಿದಾಗಿನಿಂದ ಅವಳಿಗೆ ನಿದ್ದೆಯಲ್ಲೂ ಅದೇ ಚಿಂತೆಯಂತೆ, ಸತ್ತವರ ಬಾಯಲ್ಲಿ ಇಲ್ಲದ ಮಾತು ಇಟ್ಟೆನಲ್ಲ ಎಂದು. ನಾನು ಕೊಳಾರಕ್ಕೆ ಹೋಗತೊಡಗಿದಾಗ ಇವನು ಕ್ಯೂ ಮಾರಿಬಿಡುತ್ತಾನೆ ಎಂದು ಭಾವ ಹೇಳಿದ್ದರಂತೆ. ಅಪ್ಪ ಎಣಿಸುತ್ತಾರೆ ಎಂದು ಅವನಿಗೆ ಗೊತ್ತಿದೆ, ಮಾರುವುದಿಲ್ಲ ಎಂದು ಇವಳು ಪಂಥ ಕಟ್ಟಿದ್ದಳಂತೆ.

"ಖರೇ ಹೇಳು ತಮ್ಮಾ. ಅದು ನಿನಗ ಆಟದಾಗ ಧೈರ್ಯ ಕೊಟ್ಟಿತಿಲ್ಲೋ?"

ಆ ಎಲ್ಲ ವರ್ಷಗಳು, ದವಡೆಗೆ ಬಡಿದು ವಾಪಸ್ಸು ಬಂದ ಒಂದೊಂದು ಚೆಂಡೂ ನನ್ನ ಕಣ್ಣ ಮುಂದಿದ್ದವು. ಅವಳ ಕೈಬೆರಳಿನಲ್ಲಿ ಇನ್ನೂ ಕಣಕ ಹತ್ತಿತ್ತು. ತಾಯಿ ಇಲ್ಲದ ಮನೆಯಲ್ಲಿ ನನಗೆ ಉಣಿಸಿದ ಕೈ.

"ಕೊಟ್ಟಿತಕ್ಕಾ," ಎಂದೆ. ಅವಳು ಉಸಿರು ಬಿಟ್ಟು ಎದ್ದು ನನ್ನ ತಟ್ಟೆಗೆ ಇನ್ನೊಂದು ಬಿಸಿ ಹೋಳಿಗೆ ಹಾಕಿ ತುಪ್ಪ ಸುರಿದಳು. ನಾನು ಅದನ್ನೂ ತಿಂದೆ.